ಹನ್ನೊಂದು ಸಲ ಸತ್ತ ಪರದೆ

ಮೇಜಿನ ಕೆಳಗೆ ಅಂಗಾತ ಮಲಗಿದ್ದ ತಂತಿ ಕೊನೆಯ ವೈರನ್ನೂ ಕಿತ್ತು ಎದೆಯ ಮೇಲೆ ಹಾಕಿಕೊಂಡ. ಪ್ರಿಂಟರಿನದೊಂದು, ಕೀಬೋರ್ಡಿನದೊಂದು, ಮೌಸಿನದೊಂದು, ಕರೆ ಎತ್ತಲು ಕಾಲಲ್ಲಿ ಒತ್ತುವ ಸ್ವಿಚ್ಚಿನದೊಂದು. ನಾಲ್ಕಕ್ಕೂ ವರ್ಷಗಟ್ಟಲೆಯ ದೂಳು ಮೆತ್ತಿತ್ತು.

“ಎಷ್ಟೊತ್ತು ಮಲಗ್ತೀಯಪ್ಪ? ದಿಂಬು ತರಿಸ್ಲಾ?” ಮೇಲಿನಿಂದ ಇಂಜಿನಿಯರನ ದನಿ.

ತಂತಿ ವೈರುಗಳನ್ನು ಸುತ್ತಿಕೊಂಡು ಮೇಜಿನ ಕೆಳಗಿಂದ ಹೊರಗೆ ಜಾರಿದ.

ಇಪ್ಪತ್ತಾರು ದಿನದಲ್ಲಿ ಹನ್ನೊಂದು ಸಲ ಈ ತುರ್ತು ಕರೆ ಕೊಠಡಿಯ ಕಂಪ್ಯೂಟರು ಕರೆಯ ನಡುವೆಯೇ ಸತ್ತುಬಿದ್ದಿತ್ತು. ಹನ್ನೊಂದನೇ ಸಲ ಅದರ ಜೊತೆಗೆ ಕಿಟಕಿಗೆ ಗಾಜು ಕೂರಿಸುವ ಒಬ್ಬ ಕೆಲಸಗಾರನೂ ಸತ್ತ. ಅವನಿಗೆ ಆಂಬುಲೆನ್ಸ್ ಕಳಿಸಬೇಕಾಗಿದ್ದ ಕುರ್ಚಿಯಲ್ಲಿ ಆ ಹೊತ್ತು ಕೂತಿದ್ದವಳು ತಂತಿಯ ಒಡಹುಟ್ಟಿದ ಅಕ್ಕ. ನಾಲ್ಕು ಗಂಟೆಗೆ ಅವಳ ವಿಚಾರಣೆ. ಗೋಡೆಯ ಗಡಿಯಾರ ಈಗ ಒಂದೂವರೆ ತೋರಿಸುತ್ತಿತ್ತು.

ವಿಚಾರಣೆ ಎಂಬುದು ಬರೀ ಹೆಸರಿಗೆ. ಇಂಜಿನಿಯರನ ವರದಿ ಆಗಲೇ ಮೂರು ಪ್ರತಿಯಾಗಿ ಮೇಲಿನ ಮಹಡಿಗೆ ಹೋಗಿತ್ತು. ಯಂತ್ರದಲ್ಲಿ ದೋಷವಿಲ್ಲ, ಬಳಸುವವರೇ ಬೇಕೆಂದು ಸಂಪರ್ಕ ಕಡಿದಿದ್ದಾರೆ ಎಂದು ಅದರಲ್ಲಿ ಅಚ್ಚುಕಟ್ಟಾಗಿ ಟೈಪಾಗಿತ್ತು. ಆ ಕಾಗದಕ್ಕೆ ನಾಲ್ಕು ಗಂಟೆಗೆ ಸಹಿ ಬಿದ್ದರೆ ನಾಲ್ಕೂಕಾಲಿಗೆ ಪೊಲೀಸರ ಜೀಪು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವವರಿಗೆ ಎಮ್ಮೆ ಯಾವಾಗಲೂ ಕೈಗೆ ಸಿಗುವ ಹಾಗೇ ಕಟ್ಟಿರುತ್ತದೆ.

ತಂತಿಯ ನಿಜವಾದ ಹೆಸರು ಅವನ ಅಂಗಡಿಯ ಬೋರ್ಡಿನ ಮೇಲೂ ಇರಲಿಲ್ಲ. ಮೈಯಲ್ಲಿ ಮಾಂಸವಿಲ್ಲ, ಮುಟ್ಟಿದರೆ ಶಾಕು ಹೊಡೆಯುತ್ತಾನೆ ಎಂದು ಬೀದಿಯವರೇ ಇಟ್ಟ ಹೆಸರು ಅದು. ಏಳನೇ ತರಗತಿಯಲ್ಲಿ ಶಾಲೆಗೆ ಬೆನ್ನು ತೋರಿಸಿ ರಿಪೇರಿ ಮೇಜಿನ ಮುಂದೆ ಕೂತವನು ಈವರೆಗೆ ಎದ್ದಿರಲಿಲ್ಲ. ಅಂಥವನನ್ನು ಈ ಕೊಠಡಿಯ ಒಳಗೆ ಬಿಟ್ಟುಕೊಂಡವರು ಕೊಠಡಿಯ ಮುಖ್ಯಸ್ಥೆ, ಎಲ್ಲರ ಬಾಯಲ್ಲೂ ಬರೀ ಮೇಡಂ. ನಿವೃತ್ತಿಗೆ ಎಂಟು ತಿಂಗಳಿದ್ದ ಹೆಂಗಸು. ನಾಲ್ಕರವರೆಗೆ ಈ ಮೇಜು ನಿಂದು, ಆಮೇಲೆ ನನ್ನ ಕೈಯಲ್ಲಿ ಏನೂ ಇಲ್ಲ ಎಂದಷ್ಟೇ ಹೇಳಿ ಅವರು ತಮ್ಮ ಕನ್ನಡಕ ಒರೆಸುತ್ತಾ ನಿಂತಿದ್ದರು.

ಕಸುಬಿನ ಮೊದಲ ಪಾಠ ತಂತಿಗೆ ಬೆರಳ ತುದಿಯಲ್ಲಿತ್ತು. ಯಂತ್ರ ಪದೇ ಪದೇ ಸಾಯುತ್ತಿದ್ದರೆ ಅದಕ್ಕೆ ಅಂಟಿಕೊಂಡ ನೆಂಟರನ್ನೆಲ್ಲ ಹೊರಗೆ ಹಾಕು. ಬರೀ ಡಬ್ಬ ಉಸಿರಾಡುತ್ತದೆಯೇ ನೋಡು. ಆಮೇಲೆ ಒಬ್ಬೊಬ್ಬರನ್ನೇ ಒಳಗೆ ಕರೆ. ಯಾರು ಕಾಲಿಟ್ಟ ಮೇಲೆ ಮನೆ ಮುರಿಯುತ್ತದೋ ಅವರೇ ಕಳ್ಳರು.

ಡಬ್ಬ ಹದಿನೈದು ನಿಮಿಷ ಒಂಟಿಯಾಗಿ ಓಡಿತು. ಏನೂ ಆಗಲಿಲ್ಲ. ಕೀಬೋರ್ಡು ಚುಚ್ಚಿ ಕಾದ. ಮೌಸು ಚುಚ್ಚಿ ಕಾದ. ಪ್ರಿಂಟರು ಚುಚ್ಚಿ ಹತ್ತು ಹಾಳೆ ಹೊಡೆಸಿದ. ಕಾಲಿನ ಸ್ವಿಚ್ಚನ್ನು ಐವತ್ತು ಸಲ ತುಳಿದ. ವೈರುಗಳನ್ನು ಬುಡದಲ್ಲಿ ಹಿಡಿದು ಅಲ್ಲಾಡಿಸಿದ, ಹಿಂಡಿದ, ತಿರುಚಿದ. ಪರದೆ ಕಲ್ಲಿನ ಹಾಗೆ ನಿಂತಿತ್ತು.

ಎರಡು ಗಂಟೆ ಹತ್ತು ನಿಮಿಷ.

ಇದನ್ನೆಲ್ಲ ತಾನು ಮೂರು ದಿನ ಕೂತು ಮಾಡಿದ್ದೇನೆ ಎಂದು ಇಂಜಿನಿಯರ್ ಮೇಡಂ ಕಡೆ ತಿರುಗಿ ಹೇಳಿದ. ಡಬ್ಬವನ್ನೇ ಬದಲಾಯಿಸಿದ್ದೂ ಆಯಿತು. ಅವಳನ್ನು ಐದನೇ ಮೇಜಿನಿಂದ ಎಬ್ಬಿಸಿ ಎರಡನೆಯದಕ್ಕೆ ಕೂರಿಸಿದ್ದಾಯಿತು, ಅಲ್ಲೂ ಸತ್ತಿತು. ಆರನೆಯದಕ್ಕೆ ಕಳಿಸಿದ್ದಾಯಿತು, ಅಲ್ಲೂ ಸತ್ತಿತು. ಅವಳು ಎದ್ದು ಮನೆಗೆ ಹೋದರೆ ಅದೇ ಮೇಜು, ಅದೇ ಡಬ್ಬ, ಬೇರೆಯವರ ಕೈಯಲ್ಲಿ ಬೆಣ್ಣೆಯ ಹಾಗೆ ನಡೆಯುತ್ತಿತ್ತು.

“ದೋಷ ಎಲ್ಲಿ ಕೂತಿದೆ ಅಂತ ಇನ್ನೂ ಬಿಡಿಸಿ ಹೇಳ್ಬೇಕಾ?” ಎಂದ.

ತಂತಿ ಮೇಡಂ ಹತ್ತಿರ ದಾಖಲೆ ಪುಸ್ತಕ ಕೇಳಿ ಇಸಿದುಕೊಂಡ. ಹನ್ನೊಂದು ಸಾಲು, ಹನ್ನೊಂದು ಹೊತ್ತು. ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಯಾವ ಲೆಕ್ಕಕ್ಕೂ ಸಿಗದ ಹಾಗೆ. ಮೇಜು ಬೇರೆ ಬೇರೆ. ಆದರೆ ಕೊನೆಯ ಕಾಲಂನಲ್ಲಿ ಹನ್ನೊಂದು ಕಡೆಯೂ ಅಕ್ಕನ ಸಹಿ.

ಅವನು ಬೆರಳು ಮಡಿಸಿ ಎಣಿಸಿದ. ಹೊತ್ತು ಬದಲಾಯಿತು, ಮೇಜು ಬದಲಾಯಿತು, ಡಬ್ಬ ಬದಲಾಯಿತು. ಬದಲಾಗದೆ ಉಳಿದವಳು ಇವಳೊಬ್ಬಳು. ಲೆಕ್ಕ ತಪ್ಪಿರಲಿಲ್ಲ.

ಅವನು ಗೋಡೆಗೆ ಒರಗಿ ನಿಂತಿದ್ದ ಅಕ್ಕನ ಹತ್ತಿರ ಹೋದ. ಹನ್ನೆರಡು ದಿನದಿಂದ ನಿದ್ದೆ ಕಾಣದ ಮುಖ ಅದು, ಕಣ್ಣಿನ ಕೆಳಗೆ ಯಾರೋ ಮಸಿ ಬಳಿದ ಹಾಗೆ.

“ನೀನೇ ಕೀಳ್ತಿದ್ಯಾ?” ಎಂದು ತಗ್ಗಿದ ದನಿಯಲ್ಲಿ ಕೇಳಿದ. “ಕೇಳೋಕಾಗದಂಥ ಕರೆ ಬಂದಾಗ?”

ಅಕ್ಕ ಅವನ ಕಡೆ ನೋಡಿದಳು. “ಹೌದು ಅಂದ್ರೆ ಮನೆಗೆ ಹೋಗಿಬಿಡ್ತೀಯಾ?”

ತಂತಿಗೆ ಕೆನ್ನೆಗೆ ಬಿದ್ದಂತಾಯಿತು. ತಾಯಿ ಹೋದ ಮೇಲೆ ಹನ್ನೊಂದು ವರ್ಷದ ಇವಳೇ ತನ್ನ ಬೆನ್ನು ಉಜ್ಜಿ ಸ್ನಾನ ಮಾಡಿಸಿದವಳು. ಅವನು ತಲೆ ತಗ್ಗಿಸಿ ಕುರ್ಚಿ ಎಳೆದ.

“ಕೂತ್ಕೋ. ಪಾಳಿಗೆ ಬಂದಾಗ ದಿನಾ ಏನೇನು ಮಾಡ್ತೀಯೋ ಅದನ್ನೇ ಮಾಡು. ಒಂದೂ ಬಿಡಬೇಡ.”

ಅಕ್ಕ ಕೂತಳು. ಕುರ್ಚಿಯ ಕೈಗಳನ್ನು ಒದ್ದೆ ಬಟ್ಟೆಯಿಂದ ಒರೆಸಿದಳು. ನೀರಿನ ಬಾಟಲಿಯನ್ನು ಎಡಗಡೆ ಇಟ್ಟಳು. ಕೂದಲು ಬಿಗಿಯಾಗಿ ಕಟ್ಟಿಕೊಂಡಳು. ಆಮೇಲೆ ಹೆಗಲಿಗೆ ಹಾಕಿದ್ದ ಬಟ್ಟೆಯ ಸಂಚಿಯ ಬಾಯಿ ಸಡಿಲಿಸಿ ಒಂದು ಹೆಡ್‌ಸೆಟ್ ತೆಗೆದಳು. ಎರಡೂ ಕಿವಿಗವುಸಿಗೆ ನೀಲಿ ದಾರದಲ್ಲಿ ಹೊಲಿಗೆ ಹಾಕಿತ್ತು.

ತಂತಿ ಅದರತ್ತ ಬಾಗಿದ.

“ಇದು ಇಲ್ಲೇ ಇರಲ್ವಾ?”

ಇಲ್ಲ ಎಂದು ಮೇಡಂ ಹೇಳಿದರು. ಎರಡು ವರ್ಷದ ಹಿಂದೆ ಎಲ್ಲರೂ ಕೊಠಡಿಯ ಹೆಡ್‌ಸೆಟ್‌ಗಳನ್ನೇ ಹಾಕಿಕೊಳ್ಳುತ್ತಿದ್ದರು. ಒಬ್ಬಳ ಕಿವಿಯ ಕೀವು ನಾಲ್ವರಿಗೆ ಹತ್ತಿತು. ಅದರಲ್ಲಿ ಒಬ್ಬಳಿಗೆ ಬಲಗಿವಿಯೇ ಹೋಯಿತು. ಅವತ್ತಿನಿಂದ ಇಲ್ಲಿ ಹೆಡ್‌ಸೆಟ್ ಅಂದರೆ ಹಲ್ಲುಜ್ಜುವ ಬ್ರಶ್ಶು ಇದ್ದ ಹಾಗೆ. ಅವರವರದು ಅವರವರಿಗೆ. ಒಬ್ಬರದನ್ನು ಇನ್ನೊಬ್ಬರು ಮುಟ್ಟುವುದಿಲ್ಲ, ಪಾಳಿ ಮುಗಿದರೆ ಸಂಚಿಗೆ ಹಾಕಿ ಮನೆಗೆ ಒಯ್ಯುತ್ತಾರೆ. ಗುರುತಿಗೆ ಒಬ್ಬಳದು ಕೆಂಪು ದಾರ, ಒಬ್ಬಳದು ಗುಂಡಿ, ಅಕ್ಕನದು ನೀಲಿ.

“ಸಾರ್,” ತಂತಿ ಇಂಜಿನಿಯರನ ಕಡೆ ತಿರುಗಿದ, “ಮೂರು ದಿನ ಪರೀಕ್ಷೆ ಮಾಡಿದ್ರಲ್ಲ, ಆಗ ಕಿವಿಗೆ ಯಾವುದು ಹಾಕ್ಕೊಂಡಿದ್ರಿ?”

“ನಂದೇ. ಹೊಸದು, ಪ್ಯಾಕೆಟ್ಟಿಂದ ತೆಗೆದಿದ್ದು.” ಇಂಜಿನಿಯರ್ ಮೂಗು ಸಿಂಡರಿಸಿದ. “ಅವರಿವರ ಕಿವಿಗೆ ಹಾಕಿದ್ದು ನಾನ್ಯಾಕೆ ಮುಟ್ಲಿ?”

ಅದೇ. ಎಲ್ಲ ವೈರು ಕಿತ್ತು, ಎಲ್ಲ ಡಬ್ಬ ಬದಲಾಯಿಸಿ, ಕಳ್ಳನನ್ನು ಹುಡುಕಿದ್ದರು. ಆದರೆ ಇವರು ಹುಡುಕಲು ಬರುವ ಹೊತ್ತಿಗೆ ಕಳ್ಳ ದಿನವೂ ಸಂಚಿಯೊಳಗೆ ಕೂತು ಅಕ್ಕನ ಹೆಗಲ ಮೇಲೆ ಮನೆಗೆ ಹೋಗಿರುತ್ತಿದ್ದ. ಓದಿದವನು ಒಂದು ಕಿವಿಗವುಸಿಗೆ ಹೇಸಿ ಒಬ್ಬ ಹೆಂಗಸನ್ನು ಜೈಲಿಗೆ ಬರೆದುಕೊಟ್ಟಿದ್ದ. ತಂತಿಗೆ ಕೂಗಬೇಕೆನ್ನಿಸಿತು. ಆದರೆ ತಾನೂ ಮೇಜಿನ ಕೆಳಗೆ ನಾಲ್ಕೇ ವೈರು ಎಣಿಸಿದವನು. ಐದನೆಯದರ ನೆನಪು ತನಗೂ ಆಗಿರಲಿಲ್ಲ.

ಅವನೇ ಹೆಡ್‌ಸೆಟ್ಟಿನ ಪಿನ್ನನ್ನು ಕಂಪ್ಯೂಟರಿಗೆ ಚುಚ್ಚಿದ. ಎಲ್ಲರ ಕಣ್ಣೂ ಪರದೆಯ ಮೇಲೆ.

ಐದು ನಿಮಿಷವಾಯಿತು. ಹತ್ತಾಯಿತು. ಪರದೆ ತಣ್ಣಗೆ ಬೆಳಗುತ್ತಿತ್ತು. ಇಂಜಿನಿಯರ್ ಕೈಗಡಿಯಾರ ನೋಡಿ, ಬೆಟ್ಟ ಅಗೆದು ಇಲಿಯೂ ಸಿಗಲಿಲ್ಲವಲ್ಲ ಎಂದು ನಕ್ಕ.

ತಂತಿ ಮತ್ತೆ ದಾಖಲೆ ಪುಸ್ತಕ ತಿರುವಿದ. ಹನ್ನೊಂದು ಸಲವೂ ಕರೆಯ ನಡುವೆ. ಸುಮ್ಮನೆ ಕೂತಿರುವಾಗ ಒಮ್ಮೆಯೂ ಇಲ್ಲ.

“ಇದಕ್ಕೆ ಮಾತು ಬೇಕು,” ಎಂದ.

ಮೇಡಂ ಐದನೇ ಮೇಜನ್ನು ಊರಿನ ಕರೆಗಳಿಂದ ಬಿಡಿಸಿ ಒಳಗಿನ ನಂಬರೊಂದನ್ನು ಅದಕ್ಕೆ ಕೊಟ್ಟರು. ತಂತಿ ಹೊರಗಿನ ಮೊಗಸಾಲೆಗೆ ಹೋಗಿ ಬಾಗಿಲು ಎಳೆದುಕೊಂಡು ತನ್ನ ಫೋನಿನಿಂದ ಆ ನಂಬರು ಒತ್ತಿದ. ಬಾಗಿಲಿನ ಗಾಜಿನಲ್ಲಿ ಅಕ್ಕನ ಬೆನ್ನೂ ಪರದೆಯೂ ಕಾಣುತ್ತಿದ್ದವು.

“ತುರ್ತು ಕೊಠಡಿ. ಏನಾಗಿದೆ ಹೇಳಿ.”

ಈ ದನಿಯನ್ನು ಅವನು ಮನೆಯಲ್ಲಿ ಕೇಳಿರಲಿಲ್ಲ. ಗಟ್ಟಿ ದನಿ, ಹಿಡಿದುಕೊಳ್ಳಬಹುದಾದಂಥದ್ದು. ತಂತಿಗೆ ಹೇಳಲು ಸುಳ್ಳೊಂದೂ ಹೊಳೆಯಲಿಲ್ಲ. ಬೆಳಗ್ಗೆ ಒಳಗೆ ಬರುವಾಗ ಕಟ್ಟಡದ ಮೆಟ್ಟಿಲ ಮೇಲೆ ಕೂತಿದ್ದ ಮುದುಕಿಯ ಮಾತು ತಾನಾಗಿಯೇ ಬಾಯಿಗೆ ಬಂತು. ಗಾಜಿನ ಕೆಲಸದವನ ತಾಯಿ ಅವಳು. ಹನ್ನೆರಡು ದಿನದಿಂದ ಬೆಳಗಾದರೆ ಅಲ್ಲೇ ಕೂರುತ್ತಿದ್ದಳು. ಕೂಗುವುದಿಲ್ಲ, ಬಯ್ಯುವುದಿಲ್ಲ. ಒಳಗೆ ಹೋಗುವವರಿಗೆಲ್ಲ ಅದೇ ಕಥೆಯನ್ನು ಅದೇ ಮಾತಿನಲ್ಲಿ ಹೇಳುತ್ತಾಳೆ.

“ನನ್ನ ಮಗ ಏಣಿಯಿಂದ ಬಿದ್ದಿದ್ದಾನೆ,” ಎಂದ ತಂತಿ. “ಗಾಜು ತೊಡೆಗೆ ಹೊಕ್ಕಿದೆ. ರಕ್ತ ನಿಲ್ತಿಲ್ಲ.”

ಗಾಜಿನಾಚೆ ಅಕ್ಕನ ಹೆಗಲು ಕುಗ್ಗಿದ್ದು ಕಂಡಿತು. ಆಮೇಲೆ ಅದೇ ಗಟ್ಟಿ ದನಿ, ಒಂದಿಷ್ಟು ಒಡೆದು, “ಎಲ್ಲಿದ್ದೀರಿ? ವಿಳಾಸ ಹೇಳಿ.”

“ನೀರಿನ ಟ್ಯಾಂಕಿನ ಹಿಂದಿನ ಓಣಿ. ಹಸಿರು ಬಾಗಿಲು, ಮೂರನೇ…”

ಫೋನು ಕಿವಿಯಲ್ಲೇ ಸತ್ತಿತು. ಗಾಜಿನಲ್ಲಿ ಪರದೆ ಒಮ್ಮೆ ನೀಲಿಯಾಗಿ, ಮರುಕ್ಷಣ ಕಪ್ಪಾಯಿತು.

ಹನ್ನೆರಡನೇ ಸಲ.

ತಂತಿ ಬಾಗಿಲು ನೂಕಿಕೊಂಡು ಒಳಗೆ ಬಂದ. ಗೆದ್ದೆನೆಂಬ ಬಿಸಿ ಅವನ ಕಿವಿಯವರೆಗೆ ಏರಿತ್ತು. ಅದು ಇಳಿಯಲು ಇಂಜಿನಿಯರನ ಎರಡು ಮಾತು ಸಾಕಾದವು.

“ಒಪ್ಪಿದೆ. ಹೆಡ್‌ಸೆಟ್ಟೇ ಕಾರಣ. ಈಗ ಹೇಳು, ಆ ಹೆಡ್‌ಸೆಟ್ ಯಾರದು?”

ತಂತಿ ನೀಲಿ ಹೊಲಿಗೆಯ ಕಡೆ ನೋಡಿದ.

“ಕೊಠಡಿ ಕೊಟ್ಟಿದ್ದಲ್ಲ. ನಾನು ಕೊಟ್ಟಿದ್ದಲ್ಲ. ಇವರದೇ ಸ್ವಂತದ್ದು, ಬೇರೆ ಯಾರೂ ಮುಟ್ಟದ್ದು. ನೀನೇ ಎಲ್ಲರ ಮುಂದೆ ಹೇಳಿಸಿದೆ.” ಇಂಜಿನಿಯರ್ ಜೇಬಿನಿಂದ ಪೆನ್ನು ತೆಗೆದ. “ನನ್ನ ವರದಿಯಲ್ಲಿ ‘ಹೇಗೆ ಕಡಿದರು’ ಅನ್ನೋದಕ್ಕೆ ಸಾಕ್ಷಿ ಇರಲಿಲ್ಲ. ಅದೊಂದು ಜಾಗ ಖಾಲಿ ಬಿಟ್ಟಿದ್ದೆ. ಉಪಕಾರ ಆಯ್ತಪ್ಪ.”

ತಂತಿಯ ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು. ಅದು ಯಾವಾಗ ಮೇಲೆ ಎದ್ದಿತೋ ಅವನಿಗೆ ತಿಳಿಯದು.

“ಕೈ ಇಳಿಸು,” ಎಂದಳು ಅಕ್ಕ. ತಿರುಗಿ ಕೂಡ ನೋಡದೆ, ಸಣ್ಣವನಿದ್ದಾಗ ಒಲೆಯ ಹತ್ತಿರ ಹೋದರೆ ಹೇಳುತ್ತಿದ್ದ ಹಾಗೇ.

ಅವನು ಇಳಿಸಿದ. ಇಳಿದ ಕೈಗೆ ಕೆಲಸ ಬೇಕಿತ್ತು. ಹೆಡ್‌ಸೆಟ್ ಎಳೆದುಕೊಂಡು ಅದರ ವೈರಿನ ನಡುವಿನ ಸಣ್ಣ ಡಬ್ಬಿಯನ್ನು, ದನಿ ಏರಿಸಿ ಇಳಿಸುವ ಗುಂಡಿಗಳಿದ್ದದ್ದನ್ನು, ಅಂಗೈಯಲ್ಲಿ ತೂಗಿದ. ಇಂಥ ನೂರು ಡಬ್ಬಿ ಬಿಚ್ಚಿದ ಕೈ ಅದು. ಭಾರ ಹೆಚ್ಚಿತ್ತು.

ಡಬ್ಬಿಗೆ ಎರಡು ಸ್ಕ್ರೂ. ಒಂದರ ತಲೆ ಬೆವರು ಕುಡಿದು ಮಂಕಾಗಿತ್ತು. ಇನ್ನೊಂದು ಹೊಸದು, ಹೊಳೆಯುತ್ತಿತ್ತು.

ಅವನು ಬಿಚ್ಚಿದ. ಒಳಗೆ ಕಾರ್ಖಾನೆಯಲ್ಲೇ ಕೂರಿಸಿದ ಹಸಿರು ಹಲಗೆ. ಅದರ ಬೆನ್ನಿಗೆ ಕಪ್ಪು ಟೇಪಿನಲ್ಲಿ ಸುತ್ತಿದ ಇನ್ನೊಂದು, ಹೆಬ್ಬೆರಳ ಉಗುರಿಗಿಂತ ಸ್ವಲ್ಪ ದೊಡ್ಡದು. ಟೇಪು ಸುಲಿದಾಗ ಬಿಸ್ಕತ್ತಿನ ಚೂರಿನಂಥ ಬ್ಯಾಟರಿ ಕಂಡಿತು. ಅದರಡಿ ಒಂದು ಸಿಮ್ ಕಾರ್ಡು. ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಕೆಂಪು ದೀಪ ಮಿಟುಕುತ್ತಿತ್ತು.

ಇಂಜಿನಿಯರ್ ಪೆನ್ನಿನ ಮುಚ್ಚಳ ಹಾಕುವುದನ್ನು ಮರೆತಿದ್ದ.

ಇದೇನು ಎಂದು ಮೇಡಂ ಕೇಳಿದರು. ತಂತಿ ನಿಧಾನವಾಗಿ ಹೇಳಿದ. ಇದು ಕದ್ದು ಕೇಳುವ ಕಿವಿ. ಅರ್ಧ ಫೋನು ಅಂದುಕೊಳ್ಳಿ. ಈ ವೈರಿನಲ್ಲಿ ಮಾತು ಹರಿದರೆ ತಾನಾಗಿಯೇ ಒಂದು ನಂಬರಿಗೆ ಕರೆ ಮಾಡುತ್ತದೆ. ಆ ಕಡೆ ಕೂತವರಿಗೆ ಕರೆಯ ಮಾತೂ ಸುತ್ತಲಿನ ಮಾತೂ ಎಲ್ಲ ಕೇಳುತ್ತದೆ, ಅವರ ಮಾತು ಇಲ್ಲಿಗೆ ಕೇಳುವುದಿಲ್ಲ. ಕರೆ ನಡೆಯುವಷ್ಟು ಹೊತ್ತು ಕೆಂಪು ದೀಪ ಮಿಟುಕುತ್ತದೆ. ಆ ಕಡೆಯವರು ಇಟ್ಟರೆ ಆರುತ್ತದೆ.

“ಕರೆ ಹಚ್ಚಿ ಮಾತು ಕಳಿಸುವಾಗ ಇದಕ್ಕೆ ಒಂದೇ ಗುಕ್ಕಿಗೆ ತುಂಬಾ ಕರೆಂಟು ಬೇಕು. ಕಂಪ್ಯೂಟರಿನ ಆ ಸಣ್ಣ ತೂತಲ್ಲಿ ಅಷ್ಟು ಇರಲ್ಲ. ಲೋಟ ತುಂಬ್ಸೋ ನಲ್ಲಿಗೆ ಕೊಡ ಹಿಡಿದ್ರೆ ಏನಾಗುತ್ತೆ? ಬ್ಯಾಟರಿ ತುಂಬಿದ ದಿನ ಹೇಗೋ ತಡ್ಕೊಳ್ಳುತ್ತೆ. ಕಮ್ಮಿ ಇದ್ದ ದಿನ ಮಿಕ್ಕಿದ್ದನ್ನ ಕಂಪ್ಯೂಟರಿಂದ ಹೀರುತ್ತೆ, ಅದು ಬಿದ್ದು ಸಾಯುತ್ತೆ.”

“ಹಾಗಾದ್ರೆ ಕಂಪ್ಯೂಟರ್ ಕೆಡಿಸೋಕೆ ಹಾಕಿದ್ದಲ್ಲ,” ಎಂದರು ಮೇಡಂ.

“ಅಲ್ಲ. ಅವರಿಗೆ ಅದು ಬದುಕಿರಬೇಕಿತ್ತು. ಬೇಕಾಗಿದ್ದು ವಿಳಾಸ.”

ಬೆಳಗ್ಗೆ ಮೆಟ್ಟಿಲ ಮೇಲೆ ಮುದುಕಿ ಹೇಳಿದ ಕಥೆಯ ಕೊನೆಯ ತುಂಡು ಆಗ ತಂತಿಗೆ ಎದ್ದುನಿಂತು ಕಂಡಿತು. ಫೋನು ಅರ್ಧಕ್ಕೆ ಕಡಿಯಿತು ಎಂದಿದ್ದಳು ಅವಳು. ಮತ್ತೆ ಮಾಡುವಷ್ಟರಲ್ಲಿ ಬಿಳಿ ಗಾಡಿಯೊಂದು ಓಣಿಗೆ ಬಂತು. ಇಲ್ಲಿಂದಲೇ ಕಳಿಸಿದ್ದೆಂದು ಕೈ ಮುಗಿದಳು. ಹತ್ತಿರದ ಆಸ್ಪತ್ರೆಯ ಗೇಟಿನ ಮುಂದೆಯೇ ಹಾದು, ಇನ್ನೂ ಮುಕ್ಕಾಲು ಗಂಟೆ ದೂರದ ಯಾವುದೋ ದೊಡ್ಡ ಆಸ್ಪತ್ರೆಗೆ ಹೊಡೆದುಕೊಂಡು ಹೋದರು. ಮಗ ದಾರಿಯಲ್ಲಿ ನೀರು ಕೇಳಿದ. ಆಮೇಲೆ ಅದನ್ನೂ ಕೇಳಲಿಲ್ಲ.

ತಂತಿ ಅದನ್ನು ಹೇಳಿದಾಗ ಮೇಡಂ ತಾವಾಗಿಯೇ ದಾಖಲೆ ಪುಸ್ತಕ ತೆರೆದರು. ಬೆರಳು ಸಾಲಿನ ಉದ್ದಕ್ಕೂ ಸರಿದು ನಿಂತಿತು. ಆ ದಿನ ಆ ಹೊತ್ತಿಗೆ ಆ ಓಣಿಗೆ ಈ ಕೊಠಡಿಯಿಂದ ಯಾವ ಗಾಡಿಯೂ ಹೋಗಿರಲಿಲ್ಲ. ಹೋಗುವ ಹಾಗೂ ಇರಲಿಲ್ಲ, ವಿಳಾಸವೂ ಗಾಡಿ ಕರೆಯುವ ದಾರಿಯೂ ಪರದೆಯ ಜೊತೆಗೇ ಹೋಗಿದ್ದವು.

ಗಾಡಿಗೆ ಹಸಿರು ಬಾಗಿಲಿನ ದಾರಿ ಹೇಳಿದವರು ಯಾರು ಎಂಬ ಪ್ರಶ್ನೆಯನ್ನು ಯಾರೂ ಕೇಳಬೇಕಾಗಿರಲಿಲ್ಲ. ಅದು ತಂತಿಯ ಅಂಗೈಯಲ್ಲಿ ಮಿಟುಕುತ್ತಿತ್ತು.

“ಆರಿಸು ಅದನ್ನ,” ಎಂದು ಇಂಜಿನಿಯರ್ ಪಿಸುಗುಟ್ಟಿದ.

“ಕಿತ್ರೆ ಸಾಕ್ಷಿ ಹೋಗುತ್ತೆ. ನಾಲ್ಕೂಕಾಲಿಗೆ ಪೊಲೀಸರೇ ಬಂದು ಕೀಳ್ಲಿ.” ತಂತಿ ಅದನ್ನು ಬಾಯಿಗೆ ಹತ್ತಿರ ತಂದ. “ಕೇಳ್ತಿದ್ರೆ ಕೇಳಲಿ. ಇಷ್ಟು ದಿನ ಕೇಳಿದ್ದಾರೆ, ಇದನ್ನೂ ಕೇಳಲಿ.”

ಮೇಡಂ ಹೊಸ ಹಾಳೆ ತೆಗೆದುಕೊಂಡರು. ಅವರ ಮುಖದಲ್ಲಿ ಬಹಳ ದಿನದ ಮೇಲೆ ರಕ್ತ ಹರಿದಂತಿತ್ತು. ಈ ಕಾಗದ ಮೇಲಿನ ಮಹಡಿಗೆ ಹೋದರೆ ಮೊದಲಿನ ವರದಿ ಕಸದ ಬುಟ್ಟಿಗೆ ಎಂದರು. ಅಕ್ಕನ ಕೈ ಹಿಡಿದು, ನೀನು ಬದುಕಿದೆಯಮ್ಮ ಎಂದರು. ಇನ್ನು ಒಂದೇ ಒಂದು ವಿಷಯ ಬರೆಯಬೇಕಿತ್ತು. ಈ ಡಬ್ಬಿಯನ್ನು ಇದಕ್ಕೆ ಮುಂಚೆ ಯಾರಾದರೂ ಬಿಚ್ಚಿದ್ದರೇ?

ಅಕ್ಕ ನೆನಪಿಸಿಕೊಂಡಳು. ಹೋದ ತಿಂಗಳು ಎಡಗಿವಿಯಲ್ಲಿ ದನಿ ಬರುತ್ತಿರಲಿಲ್ಲ. ರಿಪೇರಿಗೆ ಹೋಗಿತ್ತು.

“ಯಾರ ಹತ್ತಿರ?”

ಅಕ್ಕ ತಮ್ಮನ ಕಡೆ ನೋಡಿದಳು. ಹನ್ನೆರಡು ದಿನದಲ್ಲಿ ಮೊದಲ ಸಲ ತುಟಿ ಒಂದಿಷ್ಟು ನಗೆಯ ಕಡೆ ಬಾಗಿತು. “ಇವನ ಹತ್ತಿರಾನೇ ಮೇಡಂ. ನಮ್ಮ ಮನೆಯವರು ಇವನ ಅಂಗಡಿಗೆ ಕೊಟ್ಟು, ಮಾರನೇ ದಿನ ತಂದ್ರು. ಏನೋ, ಮರೆತುಬಿಟ್ಯಾ?”

ತಂತಿ ಕೈಯಲ್ಲಿದ್ದ ಡಬ್ಬಿಯ ಕಡೆ ನೋಡಿದ.

ನೀಲಿ ದಾರದ ಈ ಹೆಡ್‌ಸೆಟ್ಟನ್ನು ಅವನು ಇವತ್ತಿನ ಮುಂಚೆ ಕಣ್ಣಲ್ಲೂ ಕಂಡಿರಲಿಲ್ಲ. ಭಾವ ಎರಡು ತಿಂಗಳಿಂದ ಅವನ ಅಂಗಡಿಯ ಮೆಟ್ಟಿಲು ತುಳಿದಿರಲಿಲ್ಲ.

ಭಾವ ಖಾಸಗಿ ಆಂಬುಲೆನ್ಸಿನ ಡ್ರೈವರು, ದೊಡ್ಡ ಆಸ್ಪತ್ರೆಗೆ ರೋಗಿ ತಂದರೆ ತಲೆಗಿಷ್ಟೆಂದು ಕಮಿಷನ್ ಸಿಗುವವನು. ಗಂಡ ಹೆಂಡತಿಗೆ ಒಂದೇ ಕಸುಬು ಎಂದು ಮನೆಯಲ್ಲಿ ತಮಾಷೆ ನಡೆಯುತ್ತಿತ್ತು. ಒಬ್ಬಳು ಗಾಡಿ ಕಳಿಸುವವಳು, ಒಬ್ಬ ಓಡಿಸುವವನು, ಊಟಕ್ಕೆ ಮಾತ್ರ ಇಬ್ಬರೂ ತಡ. ಆ ತಮಾಷೆಗೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಭಾವನೇ.

ಇಲ್ಲ ಎಂದರೆ ಏನಾಗುತ್ತದೆ? ತಂತಿಯ ತಲೆ ಬೆಂಕಿ ಹತ್ತಿದ ಮನೆಯಂತೆ ಓಡಾಡಿತು. ಕೊಟ್ಟಿಲ್ಲ ಎಂದು ತಾನು ಹೇ‍ಳಿದ ಗಳಿಗೆಯಲ್ಲಿ ಇಂಜಿನಿಯರನ ಪೆನ್ನು ಅಕ್ಕನನ್ನು ಸುಳ್ಳಿ ಎಂದು ಬರೆಯುತ್ತದೆ. ಹೌದು ಎಂದರೆ ಇದನ್ನು ಒಳಗೆ ಕೂರಿಸಿದವನು ತಾನೇ ಆಗುತ್ತೇನೆ. ಭಾವನ ಹೆಸರು ಹೇಳಿದರೆ…

ಅವನ ಬಾಯಿಗಿಂತ ಮೊದಲು ಮುಖ ತೆರೆದುಕೊಂಡಿತ್ತು. ಒಂದು ಉಸಿರು ಕೇಳಿಯೇ ಆ ಕಡೆಯ ಮನೆಯಲ್ಲಿ ಏನಾಗಿದೆ ಎಂದು ತಿಳಿಯುವುದು ಅಕ್ಕನ ಒಂಬತ್ತು ವರ್ಷದ ಕೆಲಸ. ಅವಳು ತಮ್ಮನ ಮುಖ ಓದಿದಳು. ತುಟಿಯ ಮೇಲಿದ್ದ ನಗೆ ಹಾಗೇ ಉಳಿಯಿತು, ಅದರ ಹಿಂದಿದ್ದವಳು ಹೊರಟುಹೋದಳು.

ಅಷ್ಟರಲ್ಲಿ ಮೊಗಸಾಲೆಯಲ್ಲಿ ಹೆಜ್ಜೆ ಸದ್ದು. ಒಂದು ದೊಡ್ಡ ಜೊತೆ, ಒಂದು ಪುಟ್ಟ ಜೊತೆ.

ಬಾಗಿಲಲ್ಲಿ ಭಾವ ನಿಂತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ. ಬಲಗೈಯಲ್ಲಿ ಆರು ವರ್ಷದ ಮಗಳ ಕೈ. ಎಡಗೈಯಲ್ಲಿ ಅವಳ ಶಾಲೆಯ ಚೀಲ, ನೀರಿನ ಬಾಟಲಿ, ಮಳೆಕೋಟು.

“ಏನು, ನಮ್ಮವಳನ್ನ ಎಲ್ಲರೂ ಸುತ್ತಿಕೊಂಡಿದ್ದೀರಿ?” ಎಂದ, ನಗುತ್ತಲೇ.

“ಮಾಮಾ,” ಎಂದಳು ಮಗು, “ಅಪ್ಪ ಇವತ್ತು ನನ್ನ ಬೇಗ ಬಿಡಿಸ್ಕೊಂಡು ಬಂದ್ರು. ಟೀಚರ್ ಬೇಡ ಅಂದ್ರೂ.”

ತಂತಿ ಗಡಿಯಾರ ನೋಡಿದ. ಮೂರು ಗಂಟೆ ಐದು ನಿಮಿಷ. ಶಾಲೆ ಬಿಡುವುದು ಮೂರೂವರೆಗೆ. ಮಗುವನ್ನು ಕರೆತರುವುದು ಯಾವತ್ತೂ ಪಕ್ಕದ ಮನೆಯವರು. ಹೆಡ್‌ಸೆಟ್ ಬಿಚ್ಚಿ ಇನ್ನೂ ಇಪ್ಪತ್ತು ನಿಮಿಷವೂ ಆಗಿರಲಿಲ್ಲ.

ಅಕ್ಕನೂ ಗಡಿಯಾರ ನೋಡಿದಳು.

“ಅವರಮ್ಮನ ಜೊತೆ ಇರ್ಲಿ ಅಂತ ಕರ್ಕೊಂಡು ಬಂದೆ,” ಎಂದ ಭಾವ. ಅವನ ಕಣ್ಣು ತಂತಿಯ ಅಂಗೈಗೆ ಬಿದ್ದು, ಅಲ್ಲಿಂದ ಹೆಂಡತಿಯ ಮುಖಕ್ಕೆ ಹೋಯಿತು. “ಮಾತು ಮುಗಿದ ಮೇಲೆ ಮಗೂನ ನಾನೇ ಕರ್ಕೊಂಡು ಹೋಗ್ತೀನಿ. ಕೆಳಗೆ ಗಾಡಿ ಇದೆ.”

ಮಗುವಿನ ಬೆರಳುಗಳು ಅವನ ಮುಷ್ಟಿಯಲ್ಲಿ ಬೆಳ್ಳಗಾಗಿದ್ದವು. ನೋಯುತ್ತಿದೆ ಎಂದು ಅವಳು ಹೇಳಲಿಲ್ಲ.

“ಭಾವ,” ಎಂದು ತಂತಿ ಒಂದು ಹೆಜ್ಜೆ ಮುಂದಿಟ್ಟ.

“ಮೇಡಂ, ಬರ್ಕೊಳ್ಳಿ.” ಅಕ್ಕ ಎದ್ದು ನಿಂತಿದ್ದಳು. ಫೋನಿನಲ್ಲಿ ಕೇಳಿದ್ದ ಅದೇ ಗಟ್ಟಿ ದನಿ, ಹಿಡಿದುಕೊಳ್ಳಬಹುದಾದಂಥದ್ದು. “ರಿಪೇರಿಗೆ ಅಂತ ಹೇಳಿದ್ದು ಸುಳ್ಳು. ಯಾರ ಕೈಗೂ ಕೊಟ್ಟಿಲ್ಲ. ಅದನ್ನ ಒಳಗೆ ಹಾಕಿಸಿದ್ದು ನಾನೇ.”

ಮೇಡಂ ಪೆನ್ನು ಹಿಡಿದ ಕೈಯನ್ನು ಹಾಳೆಯ ಮೇಲೆ ಹಾಗೇ ಇಟ್ಟುಕೊಂಡು ಕೂತರು. ಇಂಜಿನಿಯರನ ಪೆನ್ನು ಮಾತ್ರ ಗರಗರ ಓಡಿತು.

“ಅಕ್ಕಾ.”

“ನೀನು ಸುಮ್ನಿರು. ನಿಂಗೇನೂ ಗೊತ್ತಿಲ್ಲ.” ಅವಳು ಅವನ ಕಡೆ ತಿರುಗಲಿಲ್ಲ. ಮಗಳ ಕೈಯನ್ನೇ ನೋಡುತ್ತಿದ್ದಳು, ಆ ಮುಷ್ಟಿ ಸಡಿಲಾಗುವವರೆಗೆ.

ಸಡಿಲಾಯಿತು.

ತಂತಿ ಭಾವನ ಮೇಲೆ ಬೀಳುವವನಿದ್ದ. ಕಾಲು ಎತ್ತಿಯೂ ಆಗಿತ್ತು. ಆಗ ಅಂಗೈಯಲ್ಲಿ ಏನೋ ಬದಲಾದಂತಾಗಿ ಕೆಳಗೆ ನೋಡಿದ.

ಕೆಂಪು ದೀಪ ಆರಿತ್ತು.

ಬೇಕಾದ ಮಾತು ಕಿವಿಗೆ ಬಿತ್ತು, ಆ ಕಡೆಯವರು ಫೋನು ಇಟ್ಟರು. ಅವನು ತಲೆ ಎತ್ತಿ ಬಾಗಿಲ ಕಡೆ ನೋಡಿದ. ಭಾವ ಅಲ್ಲೇ ನಿಂತಿದ್ದ. ಒಂದು ಕೈಯಲ್ಲಿ ಮಗಳು, ಒಂದು ಕೈಯಲ್ಲಿ ಚೀಲ, ಬಾಟಲಿ, ಮಳೆಕೋಟು. ಭಾವನ ಎರಡೂ ಕೈ ತುಂಬಿದ್ದವು, ಫೋನು ಇಟ್ಟ ಕೈ ಬೇರೆ ಯಾರದೋ. ಅವನ ಕಣ್ಣೂ ಆರಿದ ದೀಪದ ಮೇಲೆಯೇ ಇತ್ತು, ಹಣೆಯ ಮೇಲೆ ಬೆವರಿನ ಹನಿ ಸಾಲುಗಟ್ಟಿತ್ತು.